ಮೂರು ನಾಣ್ಯ ಜಾಸ್ತಿನಾ, ಐದು ರೂಪಾಯಿ ಜಾಸ್ತಿನಾ?

ಪ್ರಶ್ನೆ: ನನ್ನ ಮಗಳಿಗೆ ಆರೂವರೆ ವರ್ಷ, ಒಂದನೇ ತರಗತಿ. ನೂರರವರೆಗೆ ತಡವರಿಸದೆ ಎಣಿಸುತ್ತಾಳೆ. ಆದರೆ ಐದು ರೂಪಾಯಿಯ ಒಂದು ನಾಣ್ಯ ಬೇಕಾ, ಒಂದು ರೂಪಾಯಿಯ ಮೂರು ನಾಣ್ಯ ಬೇಕಾ ಅಂತ ಕೇಳಿದರೆ ಮೂರನ್ನೇ ಎತ್ತಿಕೊಳ್ಳುತ್ತಾಳೆ. ಶಾಲೆಯಿಂದ ನಾಣ್ಯಗಳ ಚಿತ್ರ ಇರುವ ವರ್ಕ್‌ಶೀಟ್ ಬರುತ್ತದೆ, ಅದನ್ನು ಮಾಡಿಸಿ ಮುಗಿಸುವಷ್ಟರಲ್ಲಿ ಇಬ್ಬರಿಗೂ ಅಳು ಬರುತ್ತದೆ. ಅಂಗಡಿಯಲ್ಲಿ ದುಡ್ಡಿಲ್ಲ ಎಂದರೆ "ಫೋನ್ ತೋರಿಸಮ್ಮ" ಅನ್ನುತ್ತಾಳೆ. ಎಲ್ಲಿಂದ ಶುರು ಮಾಡಲಿ? ಮನೆಕೆಲಸ ಮಾಡಿದರೆ ದುಡ್ಡು ಕೊಡಬಹುದಾ? ಎರಡು ವರ್ಷದ ಮಗನೂ ಇದ್ದಾನೆ, ಹಾಗಾಗಿ ಮನೆಯಲ್ಲಿ ಚಿಲ್ಲರೆ ಹರಡಿಕೊಂಡು ಕೂರುವುದಕ್ಕೇ ಭಯ.

ಉತ್ತರ: ನಿಮ್ಮ ಮಗಳು ಮೂರು ನಾಣ್ಯ ಎತ್ತಿಕೊಳ್ಳುತ್ತಾಳೆ ಅಂದರೆ ಅವಳಿಗೆ ಎಣಿಕೆ ಚೆನ್ನಾಗಿಯೇ ಬರುತ್ತದೆ ಅಂತ ಲೆಕ್ಕ. ಇಷ್ಟು ವರ್ಷ ನೀವು, ಅಜ್ಜಿ, ಎಲ್‌ಕೆಜಿ ಮಿಸ್ಸು ಎಲ್ಲ ಸೇರಿ ಅವಳಿಗೆ ಹೇಳಿಕೊಟ್ಟಿದ್ದು ಒಂದೇ ನಿಯಮ. ಒಂದನ್ನು ಮುಟ್ಟು, ಒಂದು ಅಂಕಿ ಹೇಳು, ಪಕ್ಕದ್ದನ್ನು ಮುಟ್ಟು, ಮುಂದಿನ ಅಂಕಿ ಹೇಳು. ಮೆಟ್ಟಿಲು, ಹುಣಸೆಬೀಜ, ತಟ್ಟೆಯಲ್ಲಿರುವ ಇಡ್ಲಿ, ಎಲ್ಲಕ್ಕೂ ಇದೇ ನಿಯಮ ನಡೆಯಿತು. ಈಗ ಇದ್ದಕ್ಕಿದ್ದ ಹಾಗೆ ಒಂದು ಬಿಲ್ಲೆ ತೋರಿಸಿ "ಇದನ್ನ ಒಂದು ಅನ್ನಬೇಡ, ಐದು ಅನ್ನು" ಅಂತೀವಿ. ಅವಳ ಕಣ್ಣಿಗೆ ಅದು ಒಂದೇ ತಾನೇ? ಒಡೆದು ನೋಡಿದರೂ ಒಳಗೆ ಐದು ಇಲ್ಲ.

ಒಂದು ವಸ್ತುವನ್ನು ಐದು ಅಂತ, ಹತ್ತು ಅಂತ ಮನಸ್ಸಿನಲ್ಲಿ ಹಿಡಿಯುವುದು ಮಕ್ಕಳ ಗಣಿತದಲ್ಲಿ ದೊಡ್ಡ ಜಿಗಿತ. ಮುಂದೆ ಸ್ಥಾನಬೆಲೆ ಬಂದಾಗ, ಅಂದರೆ 34ರಲ್ಲಿರುವ 3 ಮೂರಲ್ಲ ಮೂವತ್ತು ಅನ್ನುವಾಗ, ಬೇಕಾಗುವುದು ಇದೇ ಜಿಗಿತ. ಹಾಗಾಗಿ ನಾಣ್ಯದ ಲೆಕ್ಕಕ್ಕೆ ಹಾಕುವ ಸಮಯ ದಂಡ ಅಂತ ಅಂದುಕೊಳ್ಳಬೇಡಿ. ಆದರೆ ನೂರು ಸಲ "ಇದು ಐದು, ಇದು ಐದು" ಅಂತ ಹೇಳಿದರೆ ಈ ಜಿಗಿತ ಆಗುವುದಿಲ್ಲ. ಕೈಯಿಂದ ಬದಲಾಯಿಸಿ ಬದಲಾಯಿಸಿ ಆಗಬೇಕು. ಅದರ ದಾರಿ ಮುಂದೆ ಹೇಳುತ್ತೇನೆ.

ಅದಕ್ಕೂ ಮೊದಲು, ಇವತ್ತು ರಾತ್ರಿ ಮನೆಯಲ್ಲಿರುವ ಚಿಲ್ಲರೆ ಡಬ್ಬಿಯನ್ನು ನೀವೊಬ್ಬರೇ ಸುರಿದುಕೊಂಡು ನೋಡಿ. ನಮ್ಮ ನಾಣ್ಯಗಳು ಮಕ್ಕಳಿಗೆ ಎಷ್ಟು ಗೊಂದಲ ಮಾಡುತ್ತವೆ ಅಂತ ಆಗ ಗೊತ್ತಾಗುತ್ತದೆ. 1992ರಿಂದ ಬಂದ ಹಳೇ ಸ್ಟೀಲಿನ ಒಂದು ರೂಪಾಯಿ 25 ಮಿಲಿಮೀಟರ್ ಅಗಲ. ಹೆಬ್ಬೆರಳಿನ ಗುರುತಿನ ಒಂದು ರೂಪಾಯಿ ಇದೆಯಲ್ಲ, ಅದೂ 25. 2011ರಲ್ಲಿ ಬಂದ ಎರಡು ರೂಪಾಯಿಯೂ 25. 2019ರ ಹೊಸ ಐದು ರೂಪಾಯಿಯೂ 25! ಇದರ ಮಧ್ಯೆ 2011ರ ಒಂದು ರೂಪಾಯಿ ಸಣ್ಣದಾಗಿ, ಸುಮಾರು 22 ಮಿಲಿಮೀಟರಿಗೆ ಇಳಿಯಿತು. ಹಳೇ ಒಂದು ರೂಪಾಯಿಯನ್ನು 2011ರ ಎರಡು ರೂಪಾಯಿ ಪಕ್ಕ ಇಟ್ಟರೆ ತೂಕವೂ ಒಂದೇ, ಬಣ್ಣವೂ ಒಂದೇ. ದೊಡ್ಡವರೇ ಬಸ್ಸಿನಲ್ಲಿ ಒಂದಕ್ಕೆ ಎರಡು ಕೊಟ್ಟು ಇಳಿಯುತ್ತೇವೆ, ಆರು ವರ್ಷದ ಮಗು ಏನು ಮಾಡಬೇಕು? ಐದು ರೂಪಾಯಿಯಲ್ಲಿ ದಪ್ಪನೆಯ ಬೆಳ್ಳಿ ಬಣ್ಣದ್ದೊಂದು, ಚಿನ್ನದ ಬಣ್ಣದ್ದು ಇನ್ನೊಂದು. 2019ರ ಸಾಲಿನಲ್ಲಿ ಬೆಲೆ ಏರಿದ ಹಾಗೆ ಗಾತ್ರ, ತೂಕ ಏರುವಂತೆ ಮಾಡಿದ್ದಾರೆ, ದೃಷ್ಟಿ ಇಲ್ಲದವರಿಗೆ ಕೈಯಲ್ಲೇ ಗುರುತು ಸಿಗಲಿ ಅಂತ. ಒಳ್ಳೆಯ ಕೆಲಸವೇ. ಆದರೆ ಹಳೆಯವೂ ಜೊತೆಯಲ್ಲೇ ಓಡಾಡುತ್ತಿರುವುದರಿಂದ ನಿಮ್ಮ ಡಬ್ಬಿಯಲ್ಲಿ ಆ ಅನುಕೂಲ ಇರಲಿಕ್ಕಿಲ್ಲ.

ಆದ್ದರಿಂದ "ದೊಡ್ಡದು ಎರಡು ರೂಪಾಯಿ, ಸಣ್ಣದು ಒಂದು" ಅಂತ ಎಂದೂ ಹೇಳಿಕೊಡಬೇಡಿ. ನಾಳೆ ಸುಳ್ಳಾಗುತ್ತದೆ. ನಾಣ್ಯ ತಿರುಗಿಸು, ಅಂಕಿ ಹುಡುಕು, ಆಮೇಲೆ ಹೆಸರು ಹೇಳು. ಇದೊಂದೇ ಅಭ್ಯಾಸ ಸಾಕು.

ಶುರುವಿಗೆ ಎರಡು ಮೂರು ದಿನ ಲೆಕ್ಕವೇ ಬೇಡ. ಸುಮ್ನೆ ವಿಂಗಡಿಸುವ ಆಟ. ದೊಡ್ಡ ತಟ್ಟೆಯಲ್ಲಿ ನಾಣ್ಯ ಹಾಕಿ, ಸೋಪಿನ ನೀರಲ್ಲಿ ಅವಳೇ ತೊಳೆಯಲಿ. ಚಿನ್ನದ ಬಣ್ಣದ ಐದು ರೂಪಾಯಿ ಕಪ್ಪಾಗಿದ್ದರೆ ನೆನೆಸಿದ ಹುಣಸೆಹಣ್ಣಲ್ಲಿ ತಿಕ್ಕಿಸಿ, ದೇವರ ಮನೆಯ ಹಿತ್ತಾಳೆ ದೀಪದ ಹಾಗೆ ಹೊಳೆಯುತ್ತದೆ, ಮಕ್ಕಳಿಗೆ ಅದೊಂದು ಪವಾಡ. ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತ ಕೊಟ್ಟರೆ ಸ್ಟೀಲಿನ ಒಂದು, ಎರಡು ರೂಪಾಯಿ ಅಂಟುತ್ತವೆ, ಚಿನ್ನದ ಬಣ್ಣದ ಐದು ಅಂಟುವುದಿಲ್ಲ. ಇಸವಿಯ ಕೆಳಗೆ ಸಣ್ಣ ಗುರುತು ಇರುತ್ತದೆ, ಅದನ್ನೂ ಹುಡುಕಿಸಬಹುದು. ವಜ್ರದ ಆಕಾರ ಇದ್ದರೆ ಮುಂಬೈ ಟಂಕಸಾಲೆ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕಿ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಇದರಿಂದ ಲೆಕ್ಕ ಬರುತ್ತಾ? ನೇರವಾಗಿ ಬರುವುದಿಲ್ಲ. ಆದರೆ ನಾಣ್ಯವನ್ನು ನಿಜಕ್ಕೂ ನೋಡುವ ಕಣ್ಣು ಬರುತ್ತದೆ. ಅಂಕಿಯನ್ನು ಹುಡುಕಿ ಓದುವ ಅಭ್ಯಾಸ ಅದರ ಜೊತೆಗೇ ಬಂದುಬಿಡುತ್ತದೆ.

ಆಟಿಕೆ ಅಂಗಡಿಯ ಪ್ಲಾಸ್ಟಿಕ್ ನಾಣ್ಯ ಬೇಡ. ತೂಕ ಇಲ್ಲ, ಸದ್ದಿಲ್ಲ, ಕೆಲವದರಲ್ಲಿ ಡಾಲರ್ ಗುರುತೇ ಇರುತ್ತದೆ. ನೋಟಿಗೆ ಬೇಕಾದರೆ ಆಟದ ನೋಟು ಬಳಸಿ, ನಾಣ್ಯ ಮಾತ್ರ ನಿಜವಾದದ್ದೇ ಇರಲಿ. ನೂರು ರೂಪಾಯಿ ಚಿಲ್ಲರೆ ಮಾಡಿಸಿಕೊಂಡರೆ ಆಯಿತು, ದುಡ್ಡು ಎಲ್ಲೂ ಹೋಗುವುದಿಲ್ಲ.

ಈಗ ಮುಖ್ಯ ವಿಷಯ, ಬದಲಿ ಆಟ. ಮೊದಲ ಹದಿನೈದು ದಿನ ಒಂದು, ಐದು, ಹತ್ತು ಇವು ಮೂರೇ ಇರಲಿ. ಎರಡು ರೂಪಾಯಿಯನ್ನು ಬೇಕಂತಲೇ ಡಬ್ಬಿಯಲ್ಲೇ ಬಿಡಿ, ಅದರ ತಲೆನೋವು ಆಮೇಲೆ. ಒಬ್ಬರು ಬ್ಯಾಂಕ್ ಆಗಬೇಕು, ತಾತ ಇದ್ದರೆ ತಾತನೇ ಆಗಲಿ. ಪಗಡೆಯ ದಾಳವೋ ಲೂಡೋ ದಾಳವೋ ತೆಗೆದುಕೊಳ್ಳಿ. ದಾಳದಲ್ಲಿ ನಾಲ್ಕು ಬಿತ್ತಾ, ಬ್ಯಾಂಕಿನಿಂದ ಒಂದು ರೂಪಾಯಿಯ ನಾಲ್ಕು ನಾಣ್ಯ. ಮುಂದಿನ ಸರದಿಗೆ ಮೂರು ಬಿದ್ದರೆ ಇನ್ನೂ ಮೂರು. ಈಗ ಕೈಯಲ್ಲಿ ಏಳು. ಐದು ಒಂದುಗಳು ಸೇರಿದ ಕೂಡಲೇ ಅವನ್ನು ಸಾಲಾಗಿ ಜೋಡಿಸಿ, ಬ್ಯಾಂಕಿಗೆ ಕೊಟ್ಟು, ಬದಲಿಗೆ ಐದರ ಒಂದು ನಾಣ್ಯ ತೆಗೆದುಕೊಳ್ಳಬೇಕು. ಎರಡು ಐದು ಸೇರಿದರೆ ಒಂದು ಹತ್ತು. ಯಾರು ಮೊದಲು ಹತ್ತರ ಮೂರು ನಾಣ್ಯ ಮಾಡುತ್ತಾರೋ ಅವರು ಗೆದ್ದ ಹಾಗೆ.

ಮೊದಲ ಬದಲಿ ಆಗುವಾಗ ಅವಳ ಮುಖ ನೋಡಿ. ಬಹಳಷ್ಟು ಮಕ್ಕಳು ಐದು ನಾಣ್ಯ ಕೊಟ್ಟು ಒಂದು ತೆಗೆದುಕೊಳ್ಳಲು ಒಪ್ಪುವುದೇ ಇಲ್ಲ. "ನಂಗೆ ಕಡಿಮೆ ಆಯ್ತು" ಅಂತ ಮುಖ ಊದಿಸುತ್ತಾರೆ. ವಾದ ಮಾಡಬೇಡಿ. "ಸರಿ, ಬೇಡ ಅನ್ಸಿದ್ರೆ ವಾಪಸ್ ಕೊಟ್ಟು ಐದು ತಗೋ" ಅನ್ನಿ. ಅವಳು ವಾಪಸ್ ಕೊಡುತ್ತಾಳೆ, ಐದು ಬರುತ್ತದೆ. ಮತ್ತೆ ಕೊಡುತ್ತಾಳೆ, ಒಂದು ಬರುತ್ತದೆ. ಹೀಗೆ ಹೋಗಿ ಬಂದು ಮಾಡುವಾಗಲೇ ಎರಡೂ ಒಂದೇ ಅಂತ ತಲೆಗೆ ಹೋಗುವುದು, ನಿಮ್ಮ ವಿವರಣೆಯಿಂದ ಅಲ್ಲ. ಇನ್ನೂ ಕಷ್ಟ ಆದರೆ ರಟ್ಟಿನ ಪಟ್ಟಿ ಕತ್ತರಿಸಿ ಐದು ಮನೆ ಗೀಚಿ. ಒಂದೊಂದು ಮನೆಗೆ ಒಂದೊಂದು ರೂಪಾಯಿ ಇಡಲಿ. ಅಂಥದ್ದೇ ಇನ್ನೊಂದು ಪಟ್ಟಿಯ ಮಧ್ಯದಲ್ಲಿ ಐದರ ನಾಣ್ಯವನ್ನು ಟೇಪಿನಿಂದ ಅಂಟಿಸಿ, ಐದೂ ಮನೆ ಕಾಣುವ ಹಾಗೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಉದ್ದ ಒಂದೇ. ಆಗ ನೀವು ಕೇಳಿದ ಮೂರರ ಪ್ರಶ್ನೆಗೂ ಉತ್ತರ ಕಣ್ಣಿಗೇ ಕಾಣುತ್ತದೆ, ಮೂರು ಮನೆ ತುಂಬಿದೆ, ಎರಡು ಖಾಲಿ.

ಒಂದು ವಾರ ಕೂಡಿಸುವ ಆಟ ಆಡಿದ ಮೇಲೆ ಆಟವನ್ನು ತಿರುಗಿಸಿ. ಕೈಯಲ್ಲಿ ಹತ್ತರ ಎರಡು ನಾಣ್ಯ ಇಟ್ಟುಕೊಂಡು ಶುರು, ದಾಳ ಬಿದ್ದಷ್ಟು ಬ್ಯಾಂಕಿಗೆ ಕೊಡಬೇಕು. ಮೂರು ಕೊಡಬೇಕು, ಕೈಯಲ್ಲಿ ಹತ್ತರದ್ದೇ ಇದೆ, ಏನು ಮಾಡೋದು? ಮುರಿಸಬೇಕು. ಇದು ಕೂಡಿಸುವುದಕ್ಕಿಂತ ಕಷ್ಟ, ಸಮಯ ಹಿಡಿಯುತ್ತದೆ, ಹಿಡಿಯಲಿ. ಎರಡನೇ ತರಗತಿಯಲ್ಲಿ ಕಳೆಯುವ ಲೆಕ್ಕದಲ್ಲಿ "ಪಕ್ಕದಿಂದ ದಶಕ ತಗೋ" ಅಂತ ಹೇಳಿದಾಗ, ಹತ್ತು ರೂಪಾಯಿ ಮುರಿಸಿ ಗೊತ್ತಿರುವ ಮಗು ಕಣ್ಣು ಬಿಡುವುದಿಲ್ಲ.

ಇದಾದ ಮೇಲೆ ಬೇರೆ ಬೇರೆ ನಾಣ್ಯ ಸೇರಿಸಿ ಎಣಿಸುವುದು. ಯಾವಾಗಲೂ ದೊಡ್ಡದರಿಂದ ಶುರು. ಐದರ ಮಗ್ಗಿ ಬಾಯಿಪಾಠ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಐದು, ಹತ್ತು, ಹದಿನೈದು, ಇಪ್ಪತ್ತು ಅಂತ ಚಪ್ಪಾಳೆ ತಟ್ಟಿಕೊಂಡು ಹೇಳುವುದಾದರೂ ಬರಬೇಕು. ಮಕ್ಕಳು ಎಡವುವ ಜಾಗ ಒಂದೇ. ಐದರ ಮೂರು ನಾಣ್ಯ, ಒಂದರ ಎರಡು ನಾಣ್ಯ ಕೊಟ್ಟು ನೋಡಿ. "ಐದು, ಹತ್ತು, ಹದಿನೈದು, ಇಪ್ಪತ್ತು, ಇಪ್ಪತ್ತೈದು" ಅಂದುಬಿಡುತ್ತಾರೆ. ಬಾಯಿ ಐದರ ಲಯಕ್ಕೆ ಬಿದ್ದಿರುತ್ತದೆ, ನಾಣ್ಯ ಬದಲಾಗಿದ್ದು ಬಾಯಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಅಲ್ಲೊಂದು ನಿಲ್ದಾಣ ಬೇಕು. ಐದುಗಳು ಮುಗಿದ ಕೂಡಲೇ ಆ ಗುಂಪಿನ ಮೇಲೆ ಎಡಗೈ ಮುಚ್ಚಿಡಲು ಹೇಳಿ. "ಕೈ ಕೆಳಗೆ ಎಷ್ಟಿದೆ?" "ಹದಿನೈದು." "ಈಗ ಒಂದರದ್ದು ಹೇಳು." "ಹದಿನಾರು, ಹದಿನೇಳು." ಕೈ ಮುಚ್ಚುವ ಈ ಉಪಾಯ ಚಿಕ್ಕದು, ಆದರೆ ತುಂಬ ಕೆಲಸಕ್ಕೆ ಬರುತ್ತದೆ. ಸ್ವಲ್ಪ ದಿನ ಆದ ಮೇಲೆ ಅವಳೇ ಕೈ ಮುಚ್ಚುವುದನ್ನು ಬಿಡುತ್ತಾಳೆ.

ಎರಡು ರೂಪಾಯಿಯನ್ನು ಈ ಹಂತದಲ್ಲಿ ಒಳಗೆ ಬಿಡಿ. ಅದು ಬಂದ ಮೇಲೆ ಒಂದು ಒಗಟು ಕೊಡಬಹುದು. ಒಂದು, ಎರಡು, ಐದರ ನಾಣ್ಯಗಳನ್ನು ಮಾತ್ರ ಬಳಸಿ ಹತ್ತು ರೂಪಾಯಿಯನ್ನು ಎಷ್ಟು ಥರ ಮಾಡಬಹುದು? ಉತ್ತರ 10. ಎಲ್ಲ ಹತ್ತೂ ಅವಳಿಗೆ ಸಿಗಬೇಕಾಗಿಲ್ಲ, ನಾಲ್ಕು ಸಿಕ್ಕರೆ ಬೆನ್ನು ತಟ್ಟಿ. ಉಳಿದದ್ದನ್ನು ಅಪ್ಪ ಹುಡುಕಲಿ, ಅವರಿಗೂ ಸುಲಭ ಅಲ್ಲ!

ಕನ್ನಡದಲ್ಲಿ ಎಣಿಸಲಾ, ಇಂಗ್ಲಿಷಿನಲ್ಲಾ ಅಂತ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಏಕೆಂದರೆ ಇಂಗ್ಲಿಷ್ ಮಾಧ್ಯಮದ ಮಕ್ಕಳು ಸಂತೆಯಲ್ಲಿ ಸಿಕ್ಕಿಬೀಳುವುದು ಇಲ್ಲೇ. "ಥರ್ಟಿ ಫೈವ್" ಗೊತ್ತು, ಸೊಪ್ಪಿನ ಅಜ್ಜಿ "ಮೂವತ್ತೈದು" ಅಂದರೆ ಗೊತ್ತಿಲ್ಲ. ಶಾಲೆಯ ಲೆಕ್ಕ ಶಾಲೆಯ ಭಾಷೆಯಲ್ಲಿ ಇರಲಿ, ದುಡ್ಡಿನ ಆಟವನ್ನು ನಿಮ್ಮ ಬೀದಿಯಲ್ಲಿ ದುಡ್ಡು ಎಣಿಸುವ ಭಾಷೆಯಲ್ಲೇ ಆಡಿ.

ನಿಜವಾದ ಪಾಠ ಅಂಗಡಿಯಲ್ಲಿ. ಸಂಜೆ ಹಾಲಿನ ಹೊತ್ತಿಗೆ ಹೋಗಬೇಡಿ, ಹಿಂದೆ ಸಾಲು ನಿಂತಿದ್ದರೆ ಮಗುವೂ ಗಾಬರಿ, ಅಂಗಡಿಯವರೂ ಗಡಿಬಿಡಿ. ಮಧ್ಯಾಹ್ನ ಹನ್ನೊಂದರಿಂದ ನಾಲ್ಕರ ಒಳಗೆ, ಪರಿಚಯದ ಅಂಗಡಿಗೆ ಹೋಗಿ. ಮೊದಲೇ "ಅಣ್ಣಾ, ಇವತ್ತು ಇವಳೇ ವ್ಯಾಪಾರ ಮಾಡ್ತಾಳೆ, ಸ್ವಲ್ಪ ನಿಧಾನ" ಅಂತ ಹೇಳಿಡಿ. ನಮ್ಮ ಊರುಗಳ ಅಂಗಡಿಯವರು ಇದಕ್ಕೆ ತುಂಬ ಖುಷಿಯಿಂದ ಒಪ್ಪುತ್ತಾರೆ. ಮೊದಲ ಕೆಲವು ಸಲ ಚಿಲ್ಲರೆ ವಾಪಸ್ ಬರದ ವ್ಯಾಪಾರ ಇರಲಿ, ಐದು ರೂಪಾಯಿಯ ಬಿಸ್ಕತ್ತು, ಕೈಯಲ್ಲಿ ಸರಿಯಾಗಿ ಐದು. ಆಮೇಲೆ ಹತ್ತು ಕೊಟ್ಟು ಐದು ವಾಪಸ್ ತರುವುದು. ಕೊನೆಗೆ ಎರಡು ಸಾಮಾನು. ಅವಳು ನಾಣ್ಯ ಎಣಿಸುವಾಗ ನೀವು ಪಕ್ಕದಿಂದ ಕೈ ಹಾಕಿ ಜೋಡಿಸಬೇಡಿ, ಇದು ನನ್ನ ದೊಡ್ಡ ವಿನಂತಿ. ಕೈ ಹಿಂದೆ ಕಟ್ಟಿಕೊಂಡು ನಿಂತುಬಿಡಿ.

ಚಿಲ್ಲರೆ ಲೆಕ್ಕ ಹೇಳಿಕೊಡುವಾಗ ಶಾಲೆಯ ಕಳೆಯುವ ಲೆಕ್ಕ ತರಬೇಡಿ. ತರಕಾರಿ ಮಾರುವವರು ಹೇಗೆ ಕೊಡುತ್ತಾರೆ ಗಮನಿಸಿ. ಮೂವತ್ತೇಳು ರೂಪಾಯಿ ಆಯಿತು, ನೀವು ಐವತ್ತು ಕೊಟ್ಟಿರಿ. ಅವರು ಐವತ್ತರಲ್ಲಿ ಮೂವತ್ತೇಳು ಕಳೆಯಲು ಹೋಗುವುದಿಲ್ಲ. ನಿಮ್ಮ ಅಂಗೈಯಲ್ಲಿ ಒಂದೊಂದಾಗಿ ಇಡುತ್ತಾ "ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು" ಅಂತಾರೆ, ಆಮೇಲೆ ಹತ್ತರ ನೋಟಿಟ್ಟು "ಐವತ್ತು" ಅಂತಾರೆ, ಮುಗೀತು. ಬೆಲೆಯಿಂದ ಮೇಲಕ್ಕೆ ಎಣಿಸಿಕೊಂಡು ಹೋಗುವುದು. ಆರು ಏಳು ವರ್ಷದ ಮಕ್ಕಳಿಗೆ ಇದು ಬಹಳ ಬೇಗ ಹಿಡಿಯುತ್ತದೆ, ಯಾಕಂದರೆ ಮುಂದಕ್ಕೆ ಎಣಿಸುವುದು ಅವರಿಗೆ ಆಗಲೇ ಗೊತ್ತು.

ಅಂಗಡಿ ಲೆಕ್ಕ ಬಂದರೆ ಶಾಲೆ ಲೆಕ್ಕ ತಾನಾಗಿ ಬರುತ್ತದೆ ಅಂತ ಮಾತ್ರ ನಂಬಿಕೊಂಡು ಕೂರಬೇಡಿ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಜೊತೆಗಾರರು ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಮಕ್ಕಳನ್ನು ಪರೀಕ್ಷಿಸಿ 2025ರಲ್ಲಿ ನೇಚರ್ ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಬರೆದಿದ್ದಾರೆ. ಆ ಮಕ್ಕಳು ಕಾಗದ ಪೆನ್ನು ಇಲ್ಲದೆ ವ್ಯಾಪಾರದ ಲೆಕ್ಕ ಪಟಪಟ ಹೇಳುತ್ತಾರೆ, ಅದೇ ಥರದ ಲೆಕ್ಕ ಪುಸ್ತಕದ ರೂಪದಲ್ಲಿ ಬಂದರೆ ತಡಬಡಾಯಿಸುತ್ತಾರೆ. ಶಾಲೆಗೆ ಮಾತ್ರ ಹೋಗುವ ಮಕ್ಕಳದ್ದು ಉಲ್ಟಾ ಕಥೆ, ಕಾಗದದ ಮೇಲೆ ಮಾಡುತ್ತಾರೆ, ಅಂಗಡಿಯಲ್ಲಿ ನಿಂತರೆ ಆಗುವುದಿಲ್ಲ. ಇವೆರಡರ ಮಧ್ಯೆ ಸೇತುವೆಯನ್ನು ಯಾರೋ ಬೇಕಂತಲೇ ಕಟ್ಟಬೇಕು. ಮನೆಗೆ ಬಂದ ಮೇಲೆ ಅಂದಿನ ವ್ಯಾಪಾರವನ್ನು ಅವಳ ನೋಟ್‌ಬುಕ್ಕಿನಲ್ಲಿ ಒಂದೇ ಸಾಲಿನಲ್ಲಿ ಬರೆಸಿ: 10 - 5 = 5. ಅಷ್ಟೇ ಸಾಕು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಮಾಡುವ ಮಕ್ಕಳ ಸಂತೆ, ಮೆಟ್ರಿಕ್ ಮೇಳಗಳು ಇಂಥ ಸೇತುವೆಗಳೇ. ಮಕ್ಕಳು ಮನೆಯಿಂದ ಸೊಪ್ಪು, ನಿಂಬೆಹಣ್ಣು, ಮಂಡಕ್ಕಿ ತಂದು ಶಾಲೆಯ ಅಂಗಳದಲ್ಲಿ ಮಾರುತ್ತಾರೆ. ನಿಮ್ಮ ಹತ್ತಿರದ ಶಾಲೆಯಲ್ಲಿ ನಡೆದರೆ, ಮಗಳು ಬೇರೆ ಶಾಲೆಯವಳಾದರೂ ಕರೆದುಕೊಂಡು ಹೋಗಿ, ಕೈಯಲ್ಲಿ ಮೂವತ್ತು ರೂಪಾಯಿ ಚಿಲ್ಲರೆ ಕೊಡಿ.

ಹೊರಗೆ ಓಡಾಡುವಾಗ ಪಾಠಗಳು ಸುಮ್ಮನೆ ಸಿಗುತ್ತಾ ಹೋಗುತ್ತವೆ. ಅಂಗಡಿಯವರು ಒಂದು ರೂಪಾಯಿ ಚಿಲ್ಲರೆ ಬದಲು ಚಾಕೊಲೇಟ್ ಕೊಡುತ್ತಾರಲ್ಲ, ಮನೆಗೆ ಬಂದ ಮೇಲೆ ಮಗಳನ್ನು ಕೇಳಿ, "ನಾಳೆ ನಾವು ಈ ಚಾಕೊಲೇಟ್ ಕೊಟ್ರೆ ಅಂಕಲ್ ಒಂದು ರೂಪಾಯಿ ಅಂತ ತಗೋತಾರಾ?" ದುಡ್ಡಿಗೂ ಸಾಮಾನಿಗೂ ಏನು ವ್ಯತ್ಯಾಸ ಅನ್ನುವ ಪಾಠ ಇದಕ್ಕಿಂತ ಸುಲಭವಾಗಿ ಸಿಗುವುದಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಇಲ್ಲ ಅಂತ ಟಿಕೆಟ್ ಹಿಂದೆ ಪೆನ್ನಲ್ಲಿ "15" ಅಂತ ಗೀಚಿ ಕೊಡುತ್ತಾರೆ. ಆ ಚೀಟಿ ಅವಳ ಕೈಯಲ್ಲಿರಲಿ, ಇಳಿಯುವ ಮೊದಲು ಕೇಳಿ ಇಸಿದುಕೊಳ್ಳುವ ಜವಾಬ್ದಾರಿಯೂ ಅವಳದೇ. ಸಾಲ ಅಂದರೆ ಏನು ಅಂತ ಅಲ್ಲೇ ಗೊತ್ತಾಗುತ್ತದೆ. (2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಅಮ್ಮ ಮಗಳಿಗೆ ಸರ್ಕಾರಿ ಬಸ್ಸಿನಲ್ಲಿ ಈ ಅವಕಾಶ ಕಡಿಮೆ, ಅಪ್ಪನ ಜೊತೆ ಕಳಿಸಿ.)

ಹತ್ತು ರೂಪಾಯಿ ನಾಣ್ಯದ ಜಗಳ ಇನ್ನೂ ಒಳ್ಳೆಯ ಪಾಠ. "ಇದು ನಡೆಯಲ್ಲ, ನೋಟು ಕೊಡಿ" ಅನ್ನುವವರು ಇನ್ನೂ ಇದ್ದಾರೆ. ಆ ನಾಣ್ಯ ಹಲವು ವಿನ್ಯಾಸಗಳಲ್ಲಿ ಬಂದಿದೆ, ಕೆಲವದರಲ್ಲಿ ರೂಪಾಯಿ ಚಿಹ್ನೆ ಇದೆ, ಹಳೆಯದರಲ್ಲಿ ಇಲ್ಲ, ಅದಕ್ಕೇ ಜನಕ್ಕೆ ಅನುಮಾನ. ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ, ಅಲ್ಲಿಯವರೆಗೆ ಬಂದ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ, ಎಲ್ಲವನ್ನೂ ತೆಗೆದುಕೊಳ್ಳಬೇಕು ಅಂತ ಹೇಳಿದೆ. ಮಗಳ ಮುಂದೆ ಅಂಗಡಿಯವರ ಜೊತೆ ಜಗಳ ಆಡಿ ಅನ್ನುತ್ತಿಲ್ಲ. ಆದರೆ ಹೊರಗೆ ಬಂದ ಮೇಲೆ "ಯಾಕಮ್ಮ ಅವರು ತಗೊಳ್ಲಿಲ್ಲ?" ಅಂತ ಅವಳು ಕೇಳುತ್ತಾಳಲ್ಲ, ಆಗ ತಳ್ಳಿಹಾಕಬೇಡಿ. ಈ ಬಿಲ್ಲೆಗೆ ಬೆಲೆ ಯಾಕಿದೆ ಅಂದರೆ ಎಲ್ಲರೂ ಇದನ್ನು ತೆಗೆದುಕೊಳ್ಳುತ್ತಾರೆ ಅನ್ನುವ ನಂಬಿಕೆ ಇರುವುದಕ್ಕೆ, ಸರ್ಕಾರ ಅದಕ್ಕೆ ಜವಾಬ್ದಾರಿ ಹೊತ್ತಿರುವುದಕ್ಕೆ. ಆರು ವರ್ಷಕ್ಕೆ ಅರ್ಧ ಅರ್ಥ ಆಗುತ್ತದೆ. ಸಾಕು. ತಾತನ ಹತ್ತಿರ ಹಳೇ ನಾಣ್ಯ ಇದ್ದರೆ ಇದೇ ಮಾತನ್ನು ಮುಂದುವರಿಸಬಹುದು. 1957ರ ಏಪ್ರಿಲ್‌ಗೆ ಮೊದಲು ರೂಪಾಯಿಗೆ ಹದಿನಾರು ಆಣೆ ಇತ್ತು, ಆಮೇಲೆ ನೂರು ಪೈಸೆ ಆಯಿತು. 25 ಪೈಸೆ 2011ರ ಜೂನ್ ಕೊನೆಗೆ ಚಲಾವಣೆಯಿಂದ ಹೋಯಿತು. ಅಂದರೆ ನಿನ್ನೆ ದುಡ್ಡಾಗಿದ್ದದ್ದು ಇವತ್ತು ಬರೀ ಲೋಹ ಆಗಬಹುದು. ಪೈಸೆಯ ಲೆಕ್ಕ ಮಾತ್ರ ಈಗ ಬೇಡವೇ ಬೇಡ. 50 ಪೈಸೆ ಕಾನೂನಿನಲ್ಲಿ ಇನ್ನೂ ನಡೆಯುತ್ತದೆ, ಆದರೆ ಅವಳ ಕೈಗೆ ಎಲ್ಲಿ ಸಿಗುತ್ತದೆ?

ನೋಟುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಬಣ್ಣ ಬೇರೆ ಬೇರೆ ಇರುವುದರಿಂದ ಮಕ್ಕಳಿಗೆ ಅವು ನಾಣ್ಯಕ್ಕಿಂತ ಸುಲಭ. ಐವತ್ತರ ನೋಟಿನ ಹಿಂದೆ ನಮ್ಮ ಹಂಪಿಯ ಕಲ್ಲಿನ ರಥ ಇದೆ, ತೋರಿಸಿ. ಹಿಂಬದಿಯಲ್ಲೇ 15 ಭಾಷೆಗಳ ಪಟ್ಟಿ ಇದೆ, ಮೇಲಿನಿಂದ ನಾಲ್ಕನೆಯದು ಕನ್ನಡ. ಕಣ್ಣು ಚುರುಕಾಗಿರುವ ಮಕ್ಕಳು ಆ ಪುಟ್ಟ ಅಕ್ಷರ ಹುಡುಕಿ ಓದಿ ಕುಣಿಯುತ್ತಾರೆ. ನೂರು, ಹತ್ತು, ಒಂದು ಇವು ಮೂರನ್ನೇ ಇಟ್ಟುಕೊಂಡು 243 ಮಾಡಿಸಿದರೆ ಸ್ಥಾನಬೆಲೆ ಪಾಠಕ್ಕೆ ಬೇರೆ ಸಾಮಗ್ರಿ ಬೇಕಿಲ್ಲ.

ಇನ್ನು ಫೋನ್. "ಫೋನ್ ತೋರಿಸಮ್ಮ" ಅನ್ನುವುದರಲ್ಲಿ ಅವಳ ತಪ್ಪೇನೂ ಇಲ್ಲ, ಅವಳು ಕಂಡಿರುವುದೇ ಅದು. ಕೋಡಿನ ಮುಂದೆ ಫೋನ್ ಹಿಡಿದರೆ ಡಬ್ಬಿ ಮಾತಾಡುತ್ತದೆ, ಸಾಮಾನು ಬರುತ್ತದೆ, ಫೋನ್ ಖಾಲಿ ಆದ ಹಾಗೆ ಕಾಣುವುದೇ ಇಲ್ಲ. ಇಲ್ಲಿ ಎರಡು ಕೆಲಸ ಮಾಡಿ. ಒಂದು, ಖಾತೆಯಲ್ಲಿ ದುಡ್ಡಿದ್ದಾಗ "ದುಡ್ಡಿಲ್ಲ" ಅನ್ನಬೇಡಿ. ಅದು ಸುಳ್ಳು ಅಂತ ಎರಡೇ ನಿಮಿಷದಲ್ಲಿ ಅವಳಿಗೆ ಗೊತ್ತಾಗುತ್ತದೆ, ಯಾಕಂದರೆ ಪಕ್ಕದಲ್ಲೇ ನೀವು ಟೊಮೆಟೊಗೆ ಸ್ಕ್ಯಾನ್ ಮಾಡುತ್ತೀರಿ. "ಇವತ್ತು ಇದಕ್ಕೆ ಅಂತ ದುಡ್ಡು ಇಟ್ಟಿಲ್ಲ" ಅನ್ನಿ, ಅದು ನಿಜ. ಎರಡು, ಒಂದು ತಿಂಗಳ ಮಟ್ಟಿಗೆ ತರಕಾರಿ ಹಣವನ್ನು ನಗದಾಗಿ ತೆಗೆದಿಡಿ. ಭಾನುವಾರ ಡಬ್ಬಿಯಲ್ಲಿ ಐನೂರು, ಚಿಕ್ಕ ನೋಟುಗಳಲ್ಲಿ. ಪ್ರತಿ ವ್ಯಾಪಾರಕ್ಕೂ ಅದರಿಂದಲೇ ತೆಗೆಯಿರಿ. ಫೋನಿನಲ್ಲಿ ಕೊಡಲೇಬೇಕಾಯಿತಾ, ಮನೆಗೆ ಬಂದು ಅಷ್ಟೇ ದುಡ್ಡನ್ನು ಅವಳ ಕೈಯಲ್ಲೇ ಡಬ್ಬಿಯಿಂದ ತೆಗೆಸಿ ಬೇರೆ ಡಬ್ಬಿಗೆ ಹಾಕಿಸಿ. ಗುರುವಾರದ ಹೊತ್ತಿಗೆ ಡಬ್ಬಿಯ ತಳ ಕಾಣುತ್ತದಲ್ಲ, ಅದು ಯಾವ ಭಾಷಣಕ್ಕಿಂತಲೂ ಚೆನ್ನಾಗಿ ಅರ್ಥ ಮಾಡಿಸುತ್ತದೆ. ಅಂಗಡಿಯ ಸೌಂಡ್‌ಬಾಕ್ಸ್ ಕನ್ನಡದಲ್ಲಿ ಮೊತ್ತ ಹೇಳಿದಾಗ "ಎಷ್ಟು ಅಂತು ಕೇಳಿಸ್ಕೊಂಡ್ಯಾ?" ಅಂತ ಕೇಳಿ, ಅದೂ ಒಂದು ಅಭ್ಯಾಸ.

ಮನೆಕೆಲಸಕ್ಕೆ ದುಡ್ಡು ಕೊಡುವ ಬಗ್ಗೆ ಬೇರೆ ಬೇರೆ ಅಭಿಪ್ರಾಯಗಳಿವೆ, ನನ್ನದು ಖಡಾಖಂಡಿತ: ಈ ವಯಸ್ಸಿಗೆ ಬೇಡ. ತಟ್ಟೆ ಎತ್ತಿಡುವುದು, ಚಪ್ಪಲಿ ಜೋಡಿಸುವುದು ಮನೆಯವರೆಲ್ಲ ಮಾಡುವ ಕೆಲಸ. ಅದಕ್ಕೆ ರೇಟು ಕಟ್ಟಿದರೆ ಒಂದು ದಿನ "ಇವತ್ತು ನಂಗೆ ದುಡ್ಡು ಬೇಡ, ಕೆಲಸಾನೂ ಮಾಡಲ್ಲ" ಅಂತಾಳೆ, ಆಗ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ವಾರಕ್ಕೆ ಹತ್ತೋ ಇಪ್ಪತ್ತೋ ಅಂತ ಗೊತ್ತಾದ ದಿನ ಕೊಡಿ, ಅದಕ್ಕೂ ಕೆಲಸಕ್ಕೂ ಮಾರ್ಕ್ಸಿಗೂ ಸಂಬಂಧ ಇಡಬೇಡಿ. ಒಂದು ರೂಪಾಯಿ, ಎರಡು ರೂಪಾಯಿಯ ಚಿಲ್ಲರೆಯಲ್ಲೇ ಕೊಡಿ, ಅವಳೇ ಎಣಿಸಿಕೊಂಡು ತಗೊಳ್ಳಲಿ. ಖರ್ಚು ಮಾಡುವಾಗ ಅವಳು ಬೇಡದ್ದನ್ನೇ ಕೊಳ್ಳುತ್ತಾಳೆ, ಎರಡು ದಿನಕ್ಕೆ ಮುರಿಯುವ ಪೀಪಿ ಕೊಳ್ಳುತ್ತಾಳೆ. ಕೊಳ್ಳಲಿ. ಇಪ್ಪತ್ತು ರೂಪಾಯಿಯಲ್ಲಿ ಕಲಿಯುವುದು ಮುಂದೆ ಇಪ್ಪತ್ತು ಸಾವಿರದಲ್ಲಿ ಕಲಿಯುವುದಕ್ಕಿಂತ ಅಗ್ಗ.

ಕೂಡಿಡಲು ಮಣ್ಣಿನ ಗೋಲಕಕ್ಕಿಂತ ಪಾರದರ್ಶಕ ಬಾಟಲಿ ಒಳ್ಳೆಯದು, ಏರುವುದು ಕಾಣಬೇಕು. ಜಾತ್ರೆಯಲ್ಲಿ ಗೋಲಕ ಕೊಂಡು ವರ್ಷ ಬಿಟ್ಟು ಒಡೆಯುವ ಮಜಾ ಬೇರೆಯೇ, ಒಪ್ಪುತ್ತೇನೆ, ಅದು ಎಂಟು ಒಂಬತ್ತು ವರ್ಷಕ್ಕೆ ಇರಲಿ. ಆರು ವರ್ಷದ ಮಗುವಿಗೆ ವರ್ಷ ಅಂದರೆ ಯುಗ. ಮೂರು ವಾರದಲ್ಲಿ ಸಿಗುವ ಯಾವುದಾದರೂ ಗುರಿ ಇಡಿ, ಬಣ್ಣದ ಪೆನ್ಸಿಲೋ ಬಳೆಯೋ. ಹಬ್ಬಕ್ಕೆ ಅತ್ತೆ, ಮಾವ ಕೈಗೆ ಕೊಟ್ಟ ದುಡ್ಡನ್ನು "ಜೋಪಾನ ಮಾಡ್ತೀನಿ ಕೊಡು" ಅಂತ ಇಸಿದುಕೊಂಡು ಗ್ಯಾಸ್ ಸಿಲಿಂಡರಿಗೆ ಹಾಕುವ ಅಭ್ಯಾಸ ನಮ್ಮ ಮನೆಮನೆಯಲ್ಲೂ ಇದೆ. ತೆಗೆದುಕೊಳ್ಳಲೇಬೇಕಾದರೆ ಚೀಟಿ ಬರೆದುಕೊಡಿ, "ಅಮ್ಮ 200 ರೂಪಾಯಿ ಕೊಡಬೇಕು" ಅಂತ. ಹೇಳಿದ ದಿನಕ್ಕೆ ವಾಪಸ್ ಕೊಡಿ.

ವರ್ಕ್‌ಶೀಟ್ ವಿಷಯ ಸುಲಭ. ಚಿತ್ರದ ನಾಣ್ಯ ಕಪ್ಪು ಬಿಳುಪಿನಲ್ಲಿ, ಎಲ್ಲ ಒಂದೇ ಅಳತೆಯಲ್ಲಿ ಅಚ್ಚಾಗಿರುತ್ತದೆ, ಅದು ನಿಜಕ್ಕೂ ಕಷ್ಟ. ಪ್ರತಿ ಚಿತ್ರದ ಮೇಲೆ ನಿಜವಾದ ನಾಣ್ಯ ಇಟ್ಟು, ಆಮೇಲೆ ಆ ನಾಣ್ಯಗಳನ್ನು ಕೆಳಗೆ ಎಳೆದುಕೊಂಡು ದೊಡ್ಡದರಿಂದ ಜೋಡಿಸಿ ಎಣಿಸಲಿ, ಉತ್ತರ ಬರೆಯಲಿ. ಮಿಸ್ಸಿಗೆ ಹೀಗೆ ಮಾಡಿಸುತ್ತಿದ್ದೇನೆ ಅಂತ ಒಂದು ಮಾತು ಹೇಳಿ. ಇಷ್ಟೆಲ್ಲ ಅಭ್ಯಾಸ ಆದ ಮೇಲೂ ಇಪ್ಪತ್ತರ ಒಳಗಿನ ವಸ್ತುಗಳನ್ನೇ ಎಣಿಸುವಾಗ ತಪ್ಪುತ್ತಿದ್ದರೆ, ಯಾವುದು ಜಾಸ್ತಿ ಯಾವುದು ಕಡಿಮೆ ಅಂತ ತಿಳಿಯದಿದ್ದರೆ ಆಗ ತಜ್ಞರನ್ನು ಕಾಣಬೇಕು. ನಿಮ್ಮ ಮಗಳ ವಿಷಯದಲ್ಲಿ ಅದರ ಸುಳಿವೇ ಇಲ್ಲ.

ಕೊನೆಯದಾಗಿ ಚಿಕ್ಕವನ ವಿಷಯ, ನಿಮ್ಮ ಭಯ ಸರಿಯಾದದ್ದೇ. ಅವನು ಮಲಗಿರುವಾಗ ಮಾತ್ರ ಈ ಆಟ ಆಡಿ. ಶುರುವಿಗೆ ನಾಣ್ಯ ಎಣಿಸಿಡಿ, ಮುಗಿದ ಮೇಲೆ ಮತ್ತೆ ಎಣಿಸಿ, ಅಷ್ಟೇ ಇದ್ದರೆ ಡಬ್ಬಿ ಮುಚ್ಚಿ ಮೇಲಿಡಿ, ಈ ಎಣಿಕೆ ಮಗಳ ಕೆಲಸ. ಅವನು ನಾಣ್ಯ ನುಂಗಿದ ಅನುಮಾನ ಬಂದರೆ ಬಾಳೆಹಣ್ಣು ತಿನ್ನಿಸುವುದು, ಗಂಟಲಿಗೆ ಬೆರಳು ಹಾಕುವುದು, ವಾಂತಿ ಮಾಡಿಸುವುದು ಯಾವುದೂ ಬೇಡ. ಆರಾಮಾಗಿ ಆಡುತ್ತಿದ್ದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿ. ಜೊಲ್ಲು ಸುರಿಯುತ್ತಿದ್ದರೆ, ಉಸಿರಾಡಲು ಕಷ್ಟ ಇದ್ದರೆ ಒಂದು ಕ್ಷಣವೂ ಕಾಯಬೇಡಿ. ರಿಮೋಟು, ಆಟಿಕೆಗಳಲ್ಲಿ ಬರುವ ಬಟನ್ ಬ್ಯಾಟರಿ ನಾಣ್ಯದ ಹಾಗೇ ಕಾಣುತ್ತದೆ, ನಾಣ್ಯಕ್ಕಿಂತ ಎಷ್ಟೋ ಪಾಲು ಅಪಾಯ. ಚಿಲ್ಲರೆ ಡಬ್ಬಿಯಲ್ಲಿ ಅಂಥದ್ದು ಸೇರಿಕೊಂಡಿದೆಯಾ ಅಂತ ಇವತ್ತೇ ನೋಡಿಬಿಡಿ.